ಟೀಚರನ್ನು ತಯಾರು ಮಾಡುವ ಟೀಚರ್: ಮಾರಿಯಾ ಮಾಂಟೆಸ್ಸರಿ

ನಮ್ಮ ಕಾಲೇಜಿನ ಗೇಟಿನಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಮೂರು ಮಾಂಟೆಸ್ಸರಿ ಬೋರ್ಡುಗಳಿವೆ. ನಾಲ್ಕು ವರ್ಷದಿಂದ ದಿನಾ ನೋಡ್ತಿದ್ರೂ ನಾವು ಯಾರೂ ಅದು ಒಬ್ಬ ಮನುಷ್ಯರ ಹೆಸರು ಅಂತ ಯೋಚನೆ ಮಾಡಿರಲಿಲ್ಲ. ನಮ್ಮ ಮಟ್ಟಿಗೆ ಮಾಂಟೆಸ್ಸರಿ ಅಂದ್ರೆ ಎಲ್‌ಕೆಜಿಗೆ ಮುಂಚಿನ ಕ್ಲಾಸು, ಅಷ್ಟೇ. ಈ ಸಂಚಿಕೆಯ ವ್ಯಕ್ತಿಚಿತ್ರಕ್ಕೆ ಯಾರನ್ನು ಆರಿಸೋಣ ಅಂತ ಸಂಘದ ಸಭೆಯಲ್ಲಿ ಮಾತು ಬಂದಾಗ ಒಬ್ಬಳು ಈ ಹೆಸರು ಹೇಳಿದಳು. ಎಲ್ಲರೂ ನಕ್ಕೆವು. ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆಗೂ ಮಕ್ಕಳ ಶಾಲೆಗೂ ಏನು ಸಂಬಂಧ? ಆಗ ಅವಳು ಹೇಳಿದ ಒಂದು ಸಂಗತಿಯಿಂದ ನಗು ನಿಂತಿತು. ಈಕೆ ಹದಿಮೂರನೇ ವಯಸ್ಸಿಗೇ ಎಂಜಿನಿಯರ್ ಆಗಬೇಕು ಅಂತ ಹಟ ಹಿಡಿದು ಟೆಕ್ನಿಕಲ್ ಸ್ಕೂಲಿಗೆ ಸೇರಿದವರು. ಅದೂ 1883ರಲ್ಲಿ.

ಓದುತ್ತಾ ಹೋದಂತೆ ನಮ್ಮನ್ನು ಹಿಡಿದು ಕೂರಿಸಿದ್ದು ಬೇರೆಯೇ ವಿಷಯ. ಮಾಂಟೆಸ್ಸರಿ ಅಂದ್ರೆ ಮರದ ಆಟಿಕೆ, ಪುಟ್ಟ ಕುರ್ಚಿ, ಮಕ್ಕಳ ಸ್ವಾತಂತ್ರ್ಯ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವರ ಬದುಕಿನ ಹೆಚ್ಚಿನ ವರ್ಷಗಳು ಹೋಗಿದ್ದು ಮಕ್ಕಳಿಗೆ ಪಾಠ ಹೇಳುವುದರಲ್ಲಲ್ಲ, ಪಾಠ ಹೇಳುವವರನ್ನು ತಯಾರು ಮಾಡುವುದರಲ್ಲಿ. ಅವರಿಗೆ ಕಡೆಯವರೆಗೂ ಪೂರ್ತಿ ಬಗೆಹರಿಯದೆ ಉಳಿದ ಲೆಕ್ಕವೂ ಅದೇ.

ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆ ಎಂಬ ಊರಿನಲ್ಲಿ. ಅಪ್ಪ ಅಲೆಸಾಂಡ್ರೊ ಸರ್ಕಾರಿ ನೌಕರ, ಹಳೇ ಕಾಲದ ಮನುಷ್ಯ. ಅಮ್ಮ ರೆನಿಲ್ಡೆ ಓದಿಕೊಂಡವರು, ಮಗಳ ಬೆನ್ನಿಗೆ ಗಟ್ಟಿಯಾಗಿ ನಿಂತವರು. ಅಪ್ಪನ ವರ್ಗಾವಣೆಯಿಂದ ಮನೆ ಮೊದಲು ಫ್ಲಾರೆನ್ಸಿಗೆ, ಆಮೇಲೆ ರೋಮಿಗೆ ಬಂತು. ಓದಿದ ಹುಡುಗಿ ಅಂದ್ರೆ ಟೀಚರ್ ಆಗಬೇಕು ಅನ್ನೋದು ಆ ಕಾಲದ ಲೆಕ್ಕ. ಮಾರಿಯಾ ಅದೊಂದು ಮಾತ್ರ ಬೇಡ ಅಂದಳು. (ಮುಂದೆ ಏನಾದಳು ಅಂತ ನೋಡಿದರೆ ನಗು ಬರುತ್ತದೆ.) ಏಳು ವರ್ಷ ತಾಂತ್ರಿಕ ಶಾಲೆಗಳಲ್ಲಿ ಗಣಿತ, ಭೌತಶಾಸ್ತ್ರ ಓದಿ 1890ರಲ್ಲಿ ಹೊರಬಂದಾಗ ಮನಸ್ಸು ಬದಲಾಗಿತ್ತು. ಎಂಜಿನಿಯರಿಂಗ್ ಬಿಟ್ಟು ಡಾಕ್ಟರ್ ಆಗುವ ಯೋಚನೆ. ಅದು ಇನ್ನೂ ಕಷ್ಟದ ದಾರಿ. ರೋಮ್ ವಿಶ್ವವಿದ್ಯಾಲಯದಲ್ಲಿ ಗಂಡು ಹುಡುಗರ ಜೊತೆ ಹೆಣ ಕೊಯ್ಯುವುದು ಹೆಣ್ಣಿಗೆ ತರವಲ್ಲ ಅಂತ ಅವರಿಗೆ ಎಲ್ಲರೂ ಹೋದ ಮೇಲೆ, ಸಂಜೆ ಹೊತ್ತು, ಒಬ್ಬರೇ ಡಿಸೆಕ್ಷನ್ ಮಾಡಲು ಬಿಡುತ್ತಿದ್ದರು. ಆ ವಾಸನೆ ತಡೆಯಲಾರದೆ ಹೊಗೆಸೊಪ್ಪು ಸೇದುತ್ತಿದ್ದರಂತೆ. 1896ರಲ್ಲಿ ಡಾಕ್ಟರ್ ಆದರು. ಇಟಲಿಯ ಮೊದಲ ಮಹಿಳಾ ಡಾಕ್ಟರ್ ಇವರೇ ಅಂತ ಬಹಳ ಕಡೆ ಬರೆದಿರುತ್ತಾರೆ, ಅದು ಸರಿಯಲ್ಲ. ಅವರಿಗಿಂತ ಮುಂಚೆ ಕೆಲವರಿದ್ದರು. ಆ ಬಿರುದಿಲ್ಲದೆಯೂ ಈ ಸಾಧನೆ ಸಣ್ಣದಾಗುವುದಿಲ್ಲ.

ಡಾಕ್ಟರ್ ಆಗಿ ಸೇರಿದ್ದು ಮನೋರೋಗ ವಿಭಾಗಕ್ಕೆ. ಆಗ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳನ್ನೂ ಹುಚ್ಚಾಸ್ಪತ್ರೆಯಲ್ಲೇ ಕೂಡಿ ಹಾಕುತ್ತಿದ್ದರು. ಬರಿಯ ಗೋಡೆ, ಬರಿಯ ನೆಲ, ಕೈಗೆ ಸಿಗುವ ವಸ್ತು ಒಂದೂ ಇಲ್ಲ. ಊಟವಾದ ಮೇಲೆ ಮಕ್ಕಳು ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಹೆಕ್ಕಿ ಅದರಲ್ಲೇ ಆಡುತ್ತಿದ್ದವು. ನೋಡಿಕೊಳ್ಳುವ ಹೆಂಗಸಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತು. ಮಾಂಟೆಸ್ಸರಿಯವರಿಗೆ ಕಂಡದ್ದು ಕೈಗೆ ಕೆಲಸವಿಲ್ಲದ ಮಕ್ಕಳು. ಈ ಮಕ್ಕಳಿಗೆ ಬೇಕಿರುವುದು ಔಷಧಿಗಿಂತ ಹೆಚ್ಚಾಗಿ ಶಿಕ್ಷಣ ಅಂತ ಅವರಿಗೆ ಹೊಳೆಯಿತು. ಹಿಂದೆ ಫ್ರಾನ್ಸಿನಲ್ಲಿ ಇಂಥ ಮಕ್ಕಳ ಜೊತೆ ಕೆಲಸ ಮಾಡಿದ್ದ ಇತಾರ್ ಮತ್ತು ಸೆಗಾನ್ ಎಂಬ ಇಬ್ಬರು ಡಾಕ್ಟರುಗಳ ಪುಸ್ತಕಗಳನ್ನು ಹುಡುಕಿ ತಂದು ಓದಿದರು. ಬರೀ ಓದಲಿಲ್ಲ. ಇಟಾಲಿಯನ್ನಿಗೆ ಅನುವಾದ ಮಾಡುತ್ತಾ, ಸಾಲು ಸಾಲನ್ನೂ ಕೈಯಾರೆ ಬರೆದುಕೊಂಡರು. ಕೈಯಲ್ಲಿ ಬರೆದರೆ ಪ್ರತಿ ಪದದ ತೂಕ ಗೊತ್ತಾಗುತ್ತದೆ ಅನ್ನೋದು ಅವರ ನಂಬಿಕೆ. ಈ ಅಭ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1900ರಲ್ಲಿ ರೋಮಿನಲ್ಲಿ ಆರ್ಥೊಫ್ರೆನಿಕ್ ಶಾಲೆ ಶುರುವಾಯಿತು. ಅವರು ಅದರ ಇಬ್ಬರು ನಿರ್ದೇಶಕರಲ್ಲಿ ಒಬ್ಬರು. ಇದು ಮಕ್ಕಳ ಶಾಲೆ ಅಂತ ನಾವು ಮೊದಲು ತಪ್ಪು ತಿಳಿದಿದ್ದೆವು. ಅಲ್ಲ, ಅದು ಇಂಥ ಮಕ್ಕಳಿಗೆ ಕಲಿಸುವ ಟೀಚರುಗಳಿಗೆ ತರಬೇತಿ ಕೊಡುವ ಶಾಲೆ. ಮೊದಲ ತಂಡದಲ್ಲಿ 64 ಮಂದಿ ಟೀಚರುಗಳಿದ್ದರು. ಅಭ್ಯಾಸಕ್ಕೆ ಅಂತ ಪಕ್ಕದಲ್ಲೇ ಮಕ್ಕಳ ಒಂದು ತರಗತಿ ಇತ್ತು. ಅಂದ್ರೆ ಥಿಯರಿಗೆ ಅಂಟಿಕೊಂಡೇ ಲ್ಯಾಬು. ಕೈಲಾಗದವರು ಅಂತ ಎಲ್ಲರೂ ಕೈಬಿಟ್ಟಿದ್ದ ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯನ್ನೇ ಪಾಸು ಮಾಡಿದರು. ಊರೆಲ್ಲ ಹೊಗಳುತ್ತಿದ್ದರೆ ಮಾಂಟೆಸ್ಸರಿಯವರಿಗೆ ಬೇರೆ ಚಿಂತೆ ಹತ್ತಿತು. ಹಾಗಾದರೆ ಆರೋಗ್ಯವಾಗಿರುವ ಮಕ್ಕಳು ನಮ್ಮ ಶಾಲೆಗಳಲ್ಲಿ ಇಷ್ಟು ಹಿಂದೆ ಉಳಿದಿರೋದು ಯಾಕೆ?

ಆ ಶಾಲೆಯ ಇನ್ನೊಬ್ಬ ನಿರ್ದೇಶಕ ಡಾಕ್ಟರ್ ಜುಸೆಪ್ಪೆ ಮೊಂತೆಸಾನೊ. ಇಬ್ಬರಿಗೂ ಪ್ರೀತಿಯಿತ್ತು, ಮದುವೆಯಾಗಲಿಲ್ಲ. 1898ರಲ್ಲಿ ಮಗ ಮಾರಿಯೊ ಹುಟ್ಟಿದ. ಮದುವೆಯಿಲ್ಲದೆ ಮಗು ಅಂದ್ರೆ ಆ ಕಾಲಕ್ಕೆ ವೃತ್ತಿಯೂ ಮಾನವೂ ಎರಡೂ ಮುಗಿದಂತೆ. ಮಗುವನ್ನು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಯಲು ಬಿಟ್ಟರು. ಆಗಾಗ ಹೋಗಿ ನೋಡುತ್ತಿದ್ದರು, ಆದರೆ ಇವರೇ ಅಮ್ಮ ಅಂತ ಆ ಹುಡುಗನಿಗೆ ಹೇಳಿರಲಿಲ್ಲ. ಮೊಂತೆಸಾನೊ ಬೇರೆ ಮದುವೆಯಾದ ಮೇಲೆ ಇವರು ಆ ಶಾಲೆಯನ್ನೂ ಬಿಟ್ಟರು. ಜಗತ್ತಿನ ಮಕ್ಕಳ ಬಗ್ಗೆ ಬರೆದವರು ತಮ್ಮ ಮಗುವನ್ನು ಎತ್ತಿ ಆಡಿಸಲಾಗಲಿಲ್ಲ. ಇದನ್ನು ಓದಿ ನಮ್ಮಲ್ಲಿ ಇಬ್ಬರಿಗೆ ಸಿಟ್ಟು ಬಂತು, ಉಳಿದವರಿಗೆ ಸಂಕಟವಾಯಿತು. ಹದಿಹರೆಯದ ಹೊತ್ತಿಗೆ ಮಾರಿಯೊ ಅಮ್ಮನ ಬಳಿಗೆ ಬಂದು ಸೇರಿದ. ಆಮೇಲೆ ಕೊನೆಯವರೆಗೂ ಬಿಟ್ಟು ಹೋಗಲಿಲ್ಲ. ಲೋಕಕ್ಕೆ ಮಾತ್ರ ಅವನು ಬಹಳ ಕಾಲ ಸೋದರಳಿಯನೋ ದತ್ತುಮಗನೋ ಆಗಿಯೇ ಇದ್ದ.

ಈಗ ಸ್ಯಾನ್ ಲೊರೆಂಜೊಗೆ ಬರೋಣ. ರೋಮಿನ ಬಡವರ ಬಡಾವಣೆ. ಅಲ್ಲಿನ ಪಾಳು ಕಟ್ಟಡಗಳನ್ನು ರಿಪೇರಿ ಮಾಡಿ ಬಾಡಿಗೆಗೆ ಕೊಟ್ಟಿದ್ದ ಕಂಪನಿಗೆ ಒಂದು ತಲೆನೋವು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದರೆ ಚಿಕ್ಕ ಮಕ್ಕಳು ಹಗಲೆಲ್ಲ ಗೋಡೆ ಕೆರೆದು, ಮೆಟ್ಟಿಲು ಹಾಳು ಮಾಡುತ್ತಿದ್ದವು. ಈ ಮಕ್ಕಳನ್ನು ಒಂದು ಕೋಣೆಯಲ್ಲಿ ಹಿಡಿದಿಟ್ಟರೆ ಪೇಂಟಿನ ಖರ್ಚು ಉಳಿಯುತ್ತದೆ ಅನ್ನೋ ಲೆಕ್ಕದಿಂದ ಕಂಪನಿಯ ಎದೊಆರ್ದೊ ತಾಲಮೊ ಮಾಂಟೆಸ್ಸರಿಯವರನ್ನು ಕರೆದರು. 1907ರ ಜನವರಿ 6ರಂದು ಮೊದಲ ಮಕ್ಕಳ ಮನೆ ತೆರೆಯಿತು. ಎರಡು ಮೂರು ವರ್ಷದಿಂದ ಆರೇಳು ವರ್ಷದವರೆಗಿನ ಸುಮಾರು ಐವತ್ತು ಮಕ್ಕಳು. ಜಗತ್ತನ್ನೇ ಸುತ್ತಿದ ಒಂದು ವಿಧಾನ ಹುಟ್ಟಿದ್ದು ಗೋಡೆ ಹಾಳಾಗದಿರಲಿ ಅಂತ!

ಮಾಂಟೆಸ್ಸರಿಯವರಿಗೆ ವಿಶ್ವವಿದ್ಯಾಲಯದ ಪಾಠ, ವೈದ್ಯವೃತ್ತಿ ಎಲ್ಲಾ ಇತ್ತು, ದಿನವಿಡೀ ಅಲ್ಲಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಮಕ್ಕಳ ಜೊತೆ ಇರಲು ನೇಮಿಸಿದ್ದು ಯಾವ ತರಬೇತಿಯೂ ಇಲ್ಲದ ಒಬ್ಬ ಹೆಂಗಸನ್ನು. ಆ ಕಟ್ಟಡದ ಕಾವಲುಗಾರರ ಮಗಳು ಅಂತ ಹೇಳುತ್ತಾರೆ. ಪಾಠ ಮಾಡಬೇಕು ಅಂತ ಅವರಿಗೆ ಹೇಳಿರಲಿಲ್ಲ. ಸಾಮಾನು ಹೇಗೆ ಬಳಸೋದು ಅಂತ ತೋರಿಸಿಕೊಟ್ಟು, ಮಕ್ಕಳು ಏನು ಮಾಡುತ್ತಾರೋ ನೋಡಿ ನನಗೆ ಹೇಳು ಅಂತ ಕೇಳಿಕೊಂಡಿದ್ದರು. ತರಬೇತಾದ ಟೀಚರ್ ಸಿಗದಿದ್ದುದು ಅದೃಷ್ಟವಾಯಿತು ಅಂತ ಮಾಂಟೆಸ್ಸರಿಯವರೇ ಆಮೇಲೆ ಅಂದುಕೊಂಡರು. ಹಳೇ ಪದ್ಧತಿಯ ಟೀಚರ್ ಆಗಿದ್ದರೆ ಸುಮ್ಮನೆ ನೋಡುತ್ತಾ ಕೂರುತ್ತಿರಲಿಲ್ಲ, ಮಧ್ಯೆ ಬಾಯಿ ಹಾಕುತ್ತಿದ್ದರು.

ಒಂದು ದಿನ ಆ ಟೀಚರ್ ಬರುವುದು ತಡವಾಯಿತು. ಹಿಂದಿನ ಸಂಜೆ ಸಾಮಾನಿನ ಬೀರುವಿಗೆ ಬೀಗ ಹಾಕುವುದನ್ನೂ ಮರೆತಿದ್ದರು. ಬಂದು ನೋಡಿದರೆ ಮಕ್ಕಳು ತಾವೇ ಬೀರು ತೆರೆದು, ತಮಗೆ ಬೇಕಾದ್ದನ್ನು ತೆಗೆದುಕೊಂಡು ಕೆಲಸಕ್ಕೆ ಕೂತಿದ್ದವು. ಟೀಚರಿಗೆ ಅದು ಕಳ್ಳತನವಾಗಿ ಕಂಡಿತು, ಶಿಕ್ಷೆ ಕೊಡಬೇಕು ಅಂದರು. ಮಾಂಟೆಸ್ಸರಿಯವರು ಬೇಡ ಅಂದರು. ಮಕ್ಕಳಿಗೆ ಯಾವುದು ಬೇಕು ಅಂತ ಆರಿಸುವಷ್ಟು ಗೊತ್ತಿದೆ ಅಂದ ಮೇಲೆ ಬೀಗ ಯಾಕೆ? ಅಂದಿನಿಂದ ಬೀರು ಹೋಗಿ ಮಕ್ಕಳ ಕೈಗೆ ಎಟುಕುವ ತೆರೆದ ಕಪಾಟು ಬಂತು. ಇನ್ನೊಮ್ಮೆ ಮೂರು ವರ್ಷದ ಒಂದು ಹುಡುಗಿ ಮರದ ಸಿಲಿಂಡರುಗಳನ್ನು ಅವುಗಳ ತೂತುಗಳಿಗೆ ಹಾಕಿ ತೆಗೆದು, ಹಾಕಿ ತೆಗೆದು ಮಾಡುತ್ತಿದ್ದಳು. ಮಾಂಟೆಸ್ಸರಿಯವರು ಎಣಿಸುತ್ತಾ ಕೂತರು. ಉಳಿದ ಮಕ್ಕಳಿಗೆ ಹಾಡು ಹೇಳಲು ಹೇಳಿದರು, ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಹುಡುಗಿ ಸಿಲಿಂಡರುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದವಳ ಹಾಗೆ ತಲೆಯೆತ್ತಿ ನಕ್ಕಳಂತೆ.

ಆ ಸಿಲಿಂಡರ್ ದಿಮ್ಮಿ ನಮ್ಮಂಥವರಿಗೆ ಬೇಗ ಅರ್ಥವಾಗುತ್ತದೆ. ಮೆಟ್ರಾಲಜಿ ಲ್ಯಾಬಿನಲ್ಲಿ ಗೋ, ನೋ-ಗೋ ಗೇಜು ಹಿಡಿದವರಿಗೆ ಗೊತ್ತಲ್ಲ, ಹಾಗೇ ಇದು. ಹತ್ತು ಸಿಲಿಂಡರು, ಹತ್ತು ತೂತು. ಒಂದನ್ನು ತಪ್ಪು ತೂತಿಗೆ ಹಾಕಿದರೆ ಕೊನೆಗೆ ಒಂದು ಹೊರಗೆ ಉಳಿಯುತ್ತದೆ. ತಪ್ಪಾಯಿತು ಅಂತ ಟೀಚರ್ ಹೇಳಬೇಕಾಗಿಲ್ಲ, ಮರವೇ ಹೇಳುತ್ತದೆ. ತಪ್ಪು ತೋರಿಸುವ ಕೆಲಸವನ್ನು ಮನುಷ್ಯರ ಬಾಯಿಯಿಂದ ತೆಗೆದು ವಸ್ತುವಿನ ಒಳಗೆ ಇಟ್ಟರು. ಎಂಜಿನಿಯರಿಂಗ್ ಬಿಟ್ಟರೂ ಅದು ಅವರನ್ನು ಬಿಟ್ಟಿರಲಿಲ್ಲ ಅಂತ ನಮಗನ್ನಿಸಿದ್ದು ಇಲ್ಲೇ.

ಆದರೆ ತೊಂದರೆ ಶುರುವಾಗಿದ್ದೂ ಇಲ್ಲಿಂದಲೇ. ಸ್ಯಾನ್ ಲೊರೆಂಜೊ ನೋಡಲು ದೇಶ ವಿದೇಶದವರು ಬಂದರು. ಬಂದವರಿಗೆ ಕಣ್ಣಿಗೆ ಕಾಣುತ್ತಿದ್ದುದು ಮರದ ಸಾಮಾನು. ಅದನ್ನು ಕೊಂಡುಕೊಂಡರೆ ಆಯ್ತು, ನಮ್ಮೂರಲ್ಲೂ ಇದೇ ಆಗುತ್ತದೆ ಅಂದುಕೊಂಡು ಹೋಗುತ್ತಿದ್ದರು. ಕಣ್ಣಿಗೆ ಕಾಣದ ಒಂದು ಭಾಗವಿತ್ತು: ಯಾವಾಗ ತೋರಿಸಬೇಕು, ಯಾವಾಗ ಪಕ್ಕಕ್ಕೆ ಸರಿಯಬೇಕು ಅಂತ ಗೊತ್ತಿರುವ ದೊಡ್ಡವರು. ಅಂಗಡಿಯಲ್ಲಿ ಅದು ಸಿಗುವುದಿಲ್ಲ.

ಮಾಂಟೆಸ್ಸರಿಯವರು ಟೀಚರ್ ಅನ್ನೋ ಪದವನ್ನೇ ಬದಲಾಯಿಸಿದರು. ಅವರ ಶಾಲೆಯಲ್ಲಿ ಇರುವವರು ದಿರೆತ್ರಿಚೆ, ಅಂದ್ರೆ ನಿರ್ದೇಶಕಿ. ಪಾಠ ಒಪ್ಪಿಸುವುದು ಅವರ ಕೆಲಸವಲ್ಲ. ಕೋಣೆಯನ್ನು ಸಿದ್ಧ ಮಾಡಬೇಕು, ಸಾಮಾನನ್ನು ನಿಧಾನವಾಗಿ, ಕಡಿಮೆ ಮಾತಿನಲ್ಲಿ ತೋರಿಸಬೇಕು, ಮಗು ಮುಳುಗಿದ ಮೇಲೆ ದೂರ ಸರಿದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು. ಒಂದು ಉದಾಹರಣೆ ಹೇಳ್ತೀವಿ. ಬಣ್ಣದ ಹೆಸರು ಕಲಿಸುವುದು ಮೂರು ಹೆಜ್ಜೆಯಲ್ಲಿ, ಇದು ಸೆಗಾನರಿಂದ ಬಂದದ್ದು. ಮೊದಲು ಇದು ಕೆಂಪು, ಇದು ನೀಲಿ ಅಂತ ಹೇಳುವುದು. ಆಮೇಲೆ ಕೆಂಪು ಯಾವುದು ಕೊಡು ಅಂತ ಕೇಳುವುದು. ಕೊನೆಗೆ ಇದೇನು ಅಂತ ಕೇಳುವುದು. ಮಗು ತಪ್ಪು ಹೇಳಿದರೆ? ತಿದ್ದಬಾರದು. ಸಾಮಾನು ಎತ್ತಿಟ್ಟು ಇನ್ನೊಂದು ದಿನ ನೋಡಬೇಕು, ಇವತ್ತು ಮಗು ಸಿದ್ಧವಿರಲಿಲ್ಲ ಅಷ್ಟೇ. ಕೇಳಲು ಸುಲಭ, ಅಲ್ವಾ? ಜೂನಿಯರ್‌ಗಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡಲು ಕೂತಾಗ ಎರಡೇ ನಿಮಿಷಕ್ಕೆ ಅವರ ಕೈಯಿಂದ ಕೀಬೋರ್ಡ್ ಕಿತ್ತುಕೊಂಡು ನಾವೇ ಟೈಪ್ ಮಾಡಿದವರು ನಾವು. ಸುಮ್ಮನಿರುವುದಕ್ಕೂ ತರಬೇತಿ ಬೇಕು.

ಆ ತರಬೇತಿಯ ಮೊದಲ ಕೋರ್ಸು ನಡೆದದ್ದು 1909ರಲ್ಲಿ, ಚಿತ್ತಾ ದಿ ಕಾಸ್ತೆಲ್ಲೊ ಎಂಬಲ್ಲಿ, ಫ್ರಾಂಕೆತ್ತಿ ದಂಪತಿಯ ಆಶ್ರಯದಲ್ಲಿ. ಸುಮಾರು ನೂರು ಮಂದಿ ಬಂದಿದ್ದರು. ಅದೇ ವರ್ಷ ಅವರ ಮೊದಲ ದೊಡ್ಡ ಪುಸ್ತಕವೂ ಬಂತು. ಕೆಲವೇ ವರ್ಷಗಳಲ್ಲಿ ವಿಶ್ವವಿದ್ಯಾಲಯದ ಕೆಲಸ, ಡಾಕ್ಟರ್ ವೃತ್ತಿ ಎರಡನ್ನೂ ಬಿಟ್ಟು ಪೂರ್ತಿ ಇದಕ್ಕೇ ಇಳಿದರು. 1913ರಲ್ಲಿ ರೋಮಿನಲ್ಲಿ ಮೊದಲ ಅಂತರರಾಷ್ಟ್ರೀಯ ಕೋರ್ಸು. ಮುಂದೆ 1919ರ ಲಂಡನ್ ಕೋರ್ಸಿನ ಹೊತ್ತಿಗೆ ಒಂದು ಚೌಕಟ್ಟು ಗಟ್ಟಿಯಾಯಿತು: 50 ಗಂಟೆ ಉಪನ್ಯಾಸ, 50 ಗಂಟೆ ಸಾಮಾನಿನ ಜೊತೆ ಕೈಕೆಲಸ, 50 ಗಂಟೆ ತರಗತಿಯಲ್ಲಿ ಸುಮ್ಮನೆ ಕೂತು ಮಕ್ಕಳನ್ನು ನೋಡುವುದು. ನಮ್ಮ ಸಿಲಬಸ್ ಮಾಡುವವರು ಈ ಅನುಪಾತ ನೋಡಬೇಕು! ಇದರ ಜೊತೆಗೆ ಪ್ರತಿಯೊಬ್ಬರೂ ಒಂದೊಂದು ಸಾಮಾನನ್ನೂ ಹೇಗೆ ತೋರಿಸಬೇಕು ಅಂತ ಚಿತ್ರ ಸಮೇತ ತಮ್ಮ ಕೈಯಾರೆ ಬರೆದು ಪುಸ್ತಕ ಮಾಡಬೇಕು. ಸೆಗಾನರ ಪುಸ್ತಕವನ್ನು ಕೈಯಲ್ಲಿ ನಕಲು ಮಾಡಿದ ಅದೇ ಹಟ. ಇವತ್ತಿಗೂ ಮಾಂಟೆಸ್ಸರಿ ಕೋರ್ಸು ಮಾಡುವವರು ಆಲ್ಬಂ ಬರೆದು ಬರೆದು ಕೈ ನೋಯಿಸಿಕೊಳ್ಳುತ್ತಾರೆ. ನಮ್ಮ ಲ್ಯಾಬ್ ರೆಕಾರ್ಡಿನ ದೂರದ ಅಕ್ಕ.

ಅಮೆರಿಕದಲ್ಲಿ ಆದದ್ದು ಸ್ವಲ್ಪ ವಿವರವಾಗಿ ಹೇಳಬೇಕು. 1911ರಿಂದ ಅಲ್ಲಿನ ಮೆಕ್‌ಕ್ಲೂರ್ಸ್ ಮ್ಯಾಗಜಿನ್ನಿನಲ್ಲಿ ಬಂದ ಲೇಖನಗಳಿಂದ ಹುಚ್ಚು ಹತ್ತಿತು. ಪುಸ್ತಕದ ಇಂಗ್ಲಿಷ್ ಅನುವಾದ 1912ರಲ್ಲಿ ಬಂತು. 1913ರ ಡಿಸೆಂಬರಿನಲ್ಲಿ ಅವರು ಹೋದಾಗ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ತುಂಬಿ ಹೋಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ಒಂದು ತರಗತಿ ಕಟ್ಟಿದ್ದರು. ಮಕ್ಕಳು ಒಳಗೆ, ಜನ ಹೊರಗೆ ನಿಂತು ನೋಡುವುದು. ಆ ತರಗತಿ ನಡೆಸಿದವರು ಹೆಲೆನ್ ಪಾರ್ಕ್‌ಹರ್ಸ್ಟ್.

ಎಲ್ಲೆಲ್ಲೂ ಶಾಲೆಗಳು ಎದ್ದವು. ಇಷ್ಟು ಶಾಲೆಗಳಿಗೆ ಟೀಚರ್ ಎಲ್ಲಿಂದ ಬರಬೇಕು? ತರಬೇತಾದ ಅಮೆರಿಕದವರೇ ಇನ್ನಷ್ಟು ಜನರಿಗೆ ತರಬೇತಿ ಕೊಡಲಿ ಅನ್ನೋದು ಅಲ್ಲಿನವರ ಸಹಜ ಯೋಚನೆ. ಮಾಂಟೆಸ್ಸರಿಯವರು ಒಪ್ಪಲಿಲ್ಲ. ಅವರ ಸರ್ಟಿಫಿಕೇಟಿನಲ್ಲಿ ಶಾಲೆ ನಡೆಸಲು ಅನುಮತಿ ಇತ್ತು, ಬೇರೆ ಟೀಚರುಗಳನ್ನು ತಯಾರು ಮಾಡಲು ಇರಲಿಲ್ಲ. ಆ ಹಕ್ಕು ತಮ್ಮದು ಮಾತ್ರ. ಅದೇ ಹೊತ್ತಿಗೆ, 1914ರಲ್ಲಿ, ಕೊಲಂಬಿಯಾದ ಪ್ರೊಫೆಸರ್ ವಿಲಿಯಂ ಕಿಲ್‌ಪ್ಯಾಟ್ರಿಕ್ ಒಂದು ಚಿಕ್ಕ ಪುಸ್ತಕ ಬರೆದು ಈ ವಿಧಾನದ ಮನಶ್ಶಾಸ್ತ್ರವೇ ಹಳತು ಅಂತ ತಳ್ಳಿಹಾಕಿದರು. ಆ ಟೀಕೆಗೆ ತಕ್ಕ ಉತ್ತರ ಕೊಡಬಲ್ಲ, ಟೀಚರುಗಳನ್ನು ಬೆಳೆಸಬಲ್ಲ ಗಟ್ಟಿ ತಂಡ ಅಮೆರಿಕದಲ್ಲಿ ಇರಲಿಲ್ಲ. ಅಂಥ ತಂಡ ಬೆಳೆಯಲು ಅವರೇ ಬಿಟ್ಟಿರಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲಾ ತಣ್ಣಗಾಯಿತು. ಪಾರ್ಕ್‌ಹರ್ಸ್ಟ್ ಕೂಡ ಅವರಿಂದ ದೂರವಾಗಿ ಡಾಲ್ಟನ್ ಪ್ಲಾನ್ ಎಂಬ ತಮ್ಮದೇ ಪದ್ಧತಿ ಕಟ್ಟಿದರು.

ಇಲ್ಲಿ ನಮ್ಮ ಸಂಘ ಎರಡು ಗುಂಪಾಯಿತು. ಒಂದು ಗುಂಪಿನ ವಾದ: ಎಲ್ಲವೂ ಒಬ್ಬರ ಮೇಲೇ ನಿಂತರೆ ಅದು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್, ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ತಪ್ಪು. ಇನ್ನೊಂದು ಗುಂಪು ಹೇಳಿದ್ದು: ಗೇಟಿನ ಹೊರಗಿನ ಮೂರು ಬೋರ್ಡು ನೋಡಿ. ಅಮೆರಿಕದಲ್ಲಿ 1967ರಲ್ಲಿ ಮಾಂಟೆಸ್ಸರಿ ಅನ್ನೋದು ಸಾಮಾನ್ಯ ಪದ, ಯಾರ ಟ್ರೇಡ್‌ಮಾರ್ಕೂ ಅಲ್ಲ ಅಂತ ತೀರ್ಮಾನವಾಯಿತು. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಅವರಿಗಿದ್ದ ಭಯ ಸುಳ್ಳಾಗಿತ್ತಾ? ಈ ಜಗಳ ಕ್ಯಾಂಟೀನಿನಲ್ಲೂ ಮುಗಿಯಲಿಲ್ಲ. ನಮಗೆ ಕೊನೆಗೆ ಅನ್ನಿಸಿದ್ದು, ಅವರ ಭಯ ನಿಜ, ಮದ್ದು ತಪ್ಪು. ಒಬ್ಬ ಒಳ್ಳೆಯ ಟೀಚರನ್ನು ತಯಾರು ಮಾಡುವ ದಾರಿ ಅವರು ಕಂಡುಹಿಡಿದಿದ್ದರು. ಅಂಥವರನ್ನು ತಯಾರು ಮಾಡಬಲ್ಲ ಇನ್ನೊಬ್ಬರನ್ನು ನಂಬುವ ದಾರಿ ಅಷ್ಟು ಬೇಗ ಸಿಗಲಿಲ್ಲ.

ಮುಸೊಲಿನಿಯ ವಿಷಯವನ್ನೂ ಮುಚ್ಚಿಡುವಂತಿಲ್ಲ. 1924ರಿಂದ ಸುಮಾರು ಹತ್ತು ವರ್ಷ ಅವನ ಸರ್ಕಾರದ ಬೆಂಬಲದಲ್ಲೇ ಇಟಲಿಯಲ್ಲಿ ಅವರ ಶಾಲೆಗಳು, ತರಬೇತಿ ಕೇಂದ್ರಗಳು ಬೆಳೆದವು. ಶಾಲೆ ನಡೆದರೆ ಸಾಕು, ದುಡ್ಡು ಯಾರದಾದರೇನು ಅಂದುಕೊಂಡಿರಬಹುದು. ಸ್ವತಂತ್ರ ಮಗುವಿನ ಬಗ್ಗೆ ಮಾತಾಡುವವರು ಸರ್ವಾಧಿಕಾರಿಯ ನೆರಳಲ್ಲಿ ಅಷ್ಟು ವರ್ಷ ಇದ್ದದ್ದು ನಮಗಂತೂ ಸರಿಬರಲಿಲ್ಲ. ಟೀಚರುಗಳನ್ನೂ ಮಕ್ಕಳನ್ನೂ ಫ್ಯಾಸಿಸ್ಟ್ ಸಾಲಿನಲ್ಲಿ ನಿಲ್ಲಿಸುವ ಒತ್ತಡ ಬಂದಾಗ ಅವರು ಬಗ್ಗಲಿಲ್ಲ ಅನ್ನೋದೂ ನಿಜ. 1934ರಲ್ಲಿ ಇಟಲಿ ಬಿಟ್ಟರು, ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ನಾಜಿಗಳೂ ಮುಚ್ಚಿಸಿದ್ದರು. ಬಾರ್ಸಿಲೋನಾದಲ್ಲಿ ನೆಲೆಸಿದರೆ 1936ರಲ್ಲಿ ಅಲ್ಲಿ ಅಂತರ್ಯುದ್ಧ. ಕೊನೆಗೆ ಹಾಲೆಂಡ್. ಅಷ್ಟರಲ್ಲಿ ಅವರಿಗೆ ಅರವತ್ತೈದು ದಾಟಿತ್ತು.

ಭಾರತಕ್ಕೆ ಬಂದದ್ದು 1939ರ ನವೆಂಬರಿನಲ್ಲಿ, ಥಿಯಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿ ದೇವಿ ಅವರ ಆಹ್ವಾನದ ಮೇಲೆ. ಮದರಾಸಿನ ಅಡ್ಯಾರ್‌ನಲ್ಲಿ ಕೋರ್ಸು. ಕೆಲವು ತಿಂಗಳಿದ್ದು ವಾಪಸ್ ಹೋಗುವ ಯೋಚನೆ. ಸುಮಾರು ಮುನ್ನೂರು ಮಂದಿ ಬಂದು ಕೂತರು. ಅವರು ಇಟಾಲಿಯನ್ನಿನಲ್ಲಿ ಹೇಳುವುದು, ಪಕ್ಕದಲ್ಲಿ ನಿಂತ ಮಾರಿಯೊ ಇಂಗ್ಲಿಷಿನಲ್ಲಿ ಹೇಳುವುದು. ಕೇಳುವವರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷೂ ಮನೆಮಾತಲ್ಲ.

1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರ ನೆಲದಲ್ಲಿದ್ದ ಇಟಾಲಿಯನ್ನರು ಒಮ್ಮೆಲೇ ಶತ್ರುಗಳಾದರು. ಮಾರಿಯೊನನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು, ಅಮ್ಮನನ್ನು ಅಡ್ಯಾರ್ ಆವರಣ ಬಿಟ್ಟು ಹೋಗದಂತೆ ಕಟ್ಟಿಹಾಕಿದರು. ಆಗಸ್ಟ್ 31ಕ್ಕೆ ಅವರಿಗೆ ಎಪ್ಪತ್ತು ತುಂಬಿತು. ಹುಟ್ಟುಹಬ್ಬದ ಉಡುಗೊರೆಯಾಗಿ ಮಗನನ್ನು ಬಿಡುಗಡೆ ಮಾಡುತ್ತಿದ್ದೇವೆ ಅಂತ ವೈಸರಾಯ್ ಕಡೆಯಿಂದ ಸಂದೇಶ ಬಂತು. ಸೋದರಳಿಯನೂ ಅಲ್ಲ, ದತ್ತುಮಗನೂ ಅಲ್ಲ, ಮಗ. ನಲವತ್ತೆರಡು ವರ್ಷ ಅಮ್ಮ ಬಹಿರಂಗವಾಗಿ ಹೇಳಲಾಗದೆ ಉಳಿದ ಮಾತನ್ನು ಪರದೇಶದ ಸರ್ಕಾರ ಒಂದು ತಂತಿಯಲ್ಲಿ ಹೇಳಿಬಿಟ್ಟಿತು.

ಆಮೇಲಿನ ವರ್ಷಗಳು ಅಡ್ಯಾರ್, ಕೊಡೈಕೆನಾಲ್, ಅಹಮದಾಬಾದ್, ಸಿಲೋನ್, ಕರಾಚಿ ಅಂತ ಕೋರ್ಸುಗಳಲ್ಲೇ ಕಳೆದವು. ಯುದ್ಧ ಮುಗಿದ ಮೇಲೆ 1946ರಲ್ಲಿ ಯುರೋಪಿಗೆ ಹೋಗಿ, ಮತ್ತೆ ಬಂದು 1949ರವರೆಗೂ ಓಡಾಡಿದರು. ಈ ಉಪಖಂಡದಲ್ಲಿ ಅವರ ಕೈಕೆಳಗೆ ತರಬೇತಾದವರು ಸಾವಿರಕ್ಕೂ ಹೆಚ್ಚು. ಅಹಮದಾಬಾದಿನ ಉಪನ್ಯಾಸಗಳೇ ಅವರ ಹೆಸರಾಂತ ಪುಸ್ತಕ ದಿ ಅಬ್ಸಾರ್ಬೆಂಟ್ ಮೈಂಡ್ ಆಗಿ 1949ರಲ್ಲಿ ಅಡ್ಯಾರ್‌ನಿಂದ ಬಂತು. ಅದರ ಕೊನೆಯ ಅಧ್ಯಾಯಗಳು ಟೀಚರಿನ ಬಗ್ಗೆಯೇ. ಅವರು ಹೊರಟ ಮೇಲೆ ತಮ್ಮ ಪ್ರತಿನಿಧಿಯಾಗಿ ಆಲ್ಬರ್ಟ್ ಜೂಸ್ಟನ್ ಎಂಬ ಡಚ್ಚರನ್ನು ಇಲ್ಲಿ ಬಿಟ್ಟರು. ಅಷ್ಟು ವರ್ಷ ಬೇರೆಯವರಿಗೆ ಕೊಡದ ತರಬೇತಿಯ ಹಕ್ಕನ್ನು ಕೊನೆಗೂ ಇನ್ನೊಬ್ಬರ ಕೈಗಿಟ್ಟರು. ಅವರು ದಶಕಗಳ ಕಾಲ ಇಲ್ಲಿ ಕೋರ್ಸು ನಡೆಸಿದರು.

ಆದರೆ ಈ ಕಥೆಗೆ ನಮ್ಮ ದೇಶದಲ್ಲಿ ಇನ್ನೊಂದು ಕವಲಿದೆ. ಮಾಂಟೆಸ್ಸರಿ ಬರುವ ಎಷ್ಟೋ ಮೊದಲೇ ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ಅವರ ಪುಸ್ತಕ ಓದಿ, ಕರಿಕೋಟು ಬಿಟ್ಟು 1920ರಲ್ಲಿ ಬಾಲಮಂದಿರ ಶುರು ಮಾಡಿದ್ದರು. ದೊಡ್ಡ ಮೀಸೆಯ ಆ ಮನುಷ್ಯರನ್ನು ಜನ ಮೀಸೆಯ ಅಮ್ಮ ಅಂತ ಕರೆಯುತ್ತಿದ್ದರು. ಕಥೆ, ಹಾಡು, ನಾಟಕ ಎಲ್ಲಾ ಸೇರಿಸಿಕೊಂಡರು, ಟೀಚರುಗಳಿಗೂ ತರಬೇತಿ ಕೊಟ್ಟರು. ಯಾರ ಸರ್ಟಿಫಿಕೇಟಿಗೂ ಕಾಯಲಿಲ್ಲ. 1939ರ ಜೂನಿನಲ್ಲಿ ತೀರಿಕೊಂಡರು. ಮಾಂಟೆಸ್ಸರಿ ಭಾರತದಲ್ಲಿ ಇಳಿದದ್ದು ಅದಾದ ಐದು ತಿಂಗಳಿಗೆ. ಗಿಜುಭಾಯಿ ಜೊತೆಗಿದ್ದ ತಾರಾಬಾಯಿ ಮೋಡಕ್ ಮುಂದೆ 1945ರಲ್ಲಿ ಮುಂಬಯಿ ಬಿಟ್ಟು ಬೋರ್ಡಿ ಎಂಬ ಹಳ್ಳಿಗೆ, ಆಮೇಲೆ ಕೋಸಬಾಡದ ಆದಿವಾಸಿ ಹಾಡಿಗಳಿಗೆ ಹೋದರು. ಅವರ ಜೊತೆ ಅನುತಾಯಿ ವಾಘ್. ದುಬಾರಿ ಮರದ ಸಾಮಾನಿನ ಬದಲು ಬೀಜ, ಕಲ್ಲು, ಎಲೆ, ಚಿಪ್ಪು. ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ. ಅಂಗಳಕ್ಕೇ ಹೋದ ಆ ಬಾಲವಾಡಿಯನ್ನು ಅಂಗನವಾಡಿ ಅಂದರು.

ಈ ಪದ ನಮಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಇವತ್ತು ಸುಮಾರು 25 ಅಂಗನವಾಡಿಗಳಿಗೆ ಒಬ್ಬರು ಮೇಲ್ವಿಚಾರಕಿ ಅನ್ನೋದು ಯೋಜನೆಯ ಲೆಕ್ಕ. ನಮ್ಮಲ್ಲೊಬ್ಬನ ಅಮ್ಮ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಮೇಡಂ ಬಂದರೆ ತೂಕದ ರಿಜಿಸ್ಟರ್, ದಾಸ್ತಾನು ಪುಸ್ತಕ, ಹಾಜರಿ ನೋಡಿ ಸಹಿ ಹಾಕಿ ಹೋಗುತ್ತಾರೆ, ಅವರಿಗಾದರೂ ಸಮಯ ಎಲ್ಲಿದೆ ಅಂತ ಅವರಮ್ಮ ಹೇಳುತ್ತಾರಂತೆ. ಒಬ್ಬ ಮೇಡಂ ಮಾತ್ರ ಒಂದು ಸಲ ಚಾಪೆಯ ಮೇಲೆ ಮಕ್ಕಳ ಮಧ್ಯೆ ಕೂತು, ಅರ್ಧ ಗಂಟೆ ಏನೂ ಮಾತಾಡದೆ ನೋಡಿದರು. ಹೋಗುವಾಗ, ಮೂಲೆಯಲ್ಲಿ ಕೂರುವ ಆ ಹುಡುಗ ಮಣಿ ಪೋಣಿಸುವಾಗ ನೀವು ಕರೆದ ಕೂಡಲೇ ಎದ್ದುಬಿಡ್ತಾನೆ, ನಾಳೆ ಕರೀಬೇಡಿ ನೋಡೋಣ ಅಂದರು. ಅಷ್ಟೇ. ಆ ಮೇಡಂಗೆ ವರ್ಗಾವಣೆಯಾಗಿ ಎಷ್ಟೋ ವರ್ಷವಾಯಿತು, ಅಮ್ಮ ಇನ್ನೂ ಆ ಹುಡುಗನ ಕಥೆ ಹೇಳುತ್ತಾರೆ. ಆ ಮೇಡಂ ಮಾಂಟೆಸ್ಸರಿ ಓದಿದ್ದರೋ ಇಲ್ಲವೋ, ಅವತ್ತು ಮಾಡಿದ್ದು ಅದೇ ಕೆಲಸ.

ಹಾಲೆಂಡಿಗೆ ಮರಳಿದ ಮಾಂಟೆಸ್ಸರಿಯವರ ಕೊನೆಯ ವರ್ಷಗಳಲ್ಲಿ ಸನ್ಮಾನಗಳಿಗೆ ಕೊರತೆಯಿರಲಿಲ್ಲ. 1949ರಿಂದ ಮೂರು ವರ್ಷ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಹೋಯಿತು, ಬರಲಿಲ್ಲ. 1952ರ ಮೇ 6. ಸಮುದ್ರದಂಡೆಯ ನೂರ್ಡ್‌ವೈಕ್ ಎಂಬ ಊರಿನಲ್ಲಿ ಪರಿಚಯದವರ ಮನೆಯಲ್ಲಿದ್ದರು. ವಯಸ್ಸು ಎಂಬತ್ತೊಂದು. ಆಫ್ರಿಕದ ಗೋಲ್ಡ್ ಕೋಸ್ಟ್, ಅಂದ್ರೆ ಇವತ್ತಿನ ಘಾನಾ, ಅಲ್ಲಿ ಟೀಚರುಗಳಿಗೆ ತರಬೇತಿ ಕೊಡಲು ಹೋಗುವ ಮಾತು ಬಂದಿತ್ತು. ಅಂಥ ಕಡೆ ಮಕ್ಕಳಿಗೆ ಸಹಾಯ ಬೇಕು, ನಾನು ಹೋಗಬೇಕು ಅಂತ ಅವರ ಹಟ. ಈ ಆರೋಗ್ಯದಲ್ಲಿ ಅಷ್ಟು ದೂರ ಬೇಡ, ನಾನು ಹೋಗಿ ಕೋರ್ಸು ನಡೆಸಿ ಬಂದು ಎಲ್ಲಾ ಹೇಳ್ತೀನಿ ಅಂತ ಮಾರಿಯೊ ಸಮಾಧಾನ ಮಾಡುತ್ತಿದ್ದ. ಹಾಗಾದರೆ ನನ್ನಿಂದ ಇನ್ನು ಉಪಯೋಗವಿಲ್ಲವಾ ಅಂತ ಕೇಳಿದರಂತೆ. ಮಾರಿಯೊ ಪ್ರಯಾಣದ ವಿವರ ನೋಡಲು ಕೋಣೆಯಿಂದ ಆಚೆ ಹೋದ. ವಾಪಸ್ ಬರುವಷ್ಟರಲ್ಲಿ ಅಮ್ಮ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು.